ಕೆಮ್ಮಿನೆಲೆ ಮತ್ತು ಅದರ ಸವತಿ

ಲಾಂಡ್ರಿಯ ಗಿರಾಕಿಗಳೆಲ್ಲ ಅವಳನ್ನು ಮೂಗಿನಕ್ಕ ಎಂದೇ ಕರೆಯುತ್ತಿದ್ದರು. ಅದರಲ್ಲಿ ಕುಚೋದ್ಯವಿತ್ತೇ ಹೊರತು ಅವಮಾನವಿರಲಿಲ್ಲ. ಒಗೆಯಲು ಬಂದ ಅಂಗಿಯನ್ನು ಒಮ್ಮೆ ಮುಖದ ಹತ್ತಿರ ತಂದರೆ ಸಾಕು, ಇದು ಗ್ಯಾರೇಜಿನವನದು, ಇದು ಔಷಧಿ ಅಂಗಡಿಯವರದು, ಇದು ಸಿಗರೇಟು ಬಿಟ್ಟೆನೆಂದು ಹೆಂಡತಿಯ ಮುಂದೆ ಆಣೆ ಹಾಕಿದ ಬ್ಯಾಂಕಿನವರದು ಎಂದು ಹೇಳಿಬಿಡುತ್ತಿದ್ದಳು. ಬಂದ ಪ್ರತಿ ಬಟ್ಟೆಗೂ ನಂಬರು ಬರೆದ ಸಣ್ಣ ಬಟ್ಟೆಪಟ್ಟಿಯನ್ನು ದಾರದಲ್ಲಿ ಕಟ್ಟುವುದು ಅಂಗಡಿಯ ಕ್ರಮ. ಒಗೆಯುವಾಗ ಆ ಪಟ್ಟಿ ಕಳಚಿಕೊಂಡ ಅಂಗಿಗಳೆಲ್ಲ ಕೊನೆಗೆ ಅವಳ ಮೂಗಿನ ಕೆಳಗೆ ಬಂದು ತಮ್ಮ ತಮ್ಮ ಯಜಮಾನರನ್ನು ಸೇರುತ್ತಿದ್ದವು.

ಅಂಗಡಿ ಕೆಳಗೆ, ಮನೆ ಮೇಲೆ. ಅಣ್ಣತಮ್ಮಂದಿರಿಬ್ಬರ ಸಂಸಾರವೂ ಅದೇ ಮನೆಯಲ್ಲಿ. ಮೂಗಿನಕ್ಕನ ಗಂಡ ಇಸ್ತ್ರಿ ಮೇಜು ಬಿಟ್ಟು ಕದಲುವವನಲ್ಲ. ಮೈದುನ ಮನೆಮನೆಗೆ ಬಟ್ಟೆ ಮುಟ್ಟಿಸುವವನು. ಅವನ ಹೆಂಡತಿ, ಅಂದರೆ ಓರಗಿತ್ತಿ, ಮುಂದುಗಡೆ ಕೂತು ಬಟ್ಟೆ ಎಣಿಸಿ ಪಟ್ಟಿ ಕಟ್ಟುವವಳು. ಮನೆಯವರಿಗೆಲ್ಲ ಅವಳು ಚಿಕ್ಕವಳು. ತಲೆ ನರೆತರೂ ಆ ಹೆಸರು ಬಿಟ್ಟುಹೋಗಿರಲಿಲ್ಲ.

ಮೂಗಿನ ಬೆಲೆಯನ್ನು ಮೊದಲು ಕಂಡುಹಿಡಿದವರು ಅತ್ತೆ. ರೈಲು ಹಳಿಯ ಆಚೆಯ ದಿಬ್ಬದಲ್ಲಿ ಯಾರೂ ನೆಡದ, ಯಾರೂ ನೀರು ಹಾಕದ ಒಂದು ಗಿಡ ಬೆಳೆಯುತ್ತಿತ್ತು. ನೆಲಕ್ಕೆ ಅಂಟಿಕೊಂಡು ಹರಡುವ, ಬೆಕ್ಕಿನ ಕಿವಿಯಂತೆ ನವಿರು ರೋಮದ ಅಗಲ ಎಲೆ. ಪುಸ್ತಕದಲ್ಲಿ ಅದಕ್ಕೆ ಏನೆನ್ನುತ್ತಾರೋ ಅತ್ತೆಗೆ ಬೇಕಿರಲಿಲ್ಲ, ಅವರ ಪಾಲಿಗೆ ಅದು ಕೆಮ್ಮಿನೆಲೆ. ಚಳಿಗಾಲದ ಒಣಕೆಮ್ಮಿಗೆ ಅದರ ಕಷಾಯ ಗಂಟಲನ್ನು ಸಡಿಲಿಸಿ ಎದೆ ಹಗುರ ಮಾಡುತ್ತಿತ್ತು. ಆದರೆ ಅದೇ ದಿಬ್ಬದಲ್ಲಿ, ಅದರ ಮಗ್ಗುಲಲ್ಲೇ, ಅದೇ ಬಣ್ಣದ ಅದೇ ರೋಮದ ಇನ್ನೊಂದು ಗಿಡವೂ ಇತ್ತು. ಅತ್ತೆ ಅದನ್ನು ಸವತಿ ಎನ್ನುತ್ತಿದ್ದರು. ಸವತಿ ಹೊಟ್ಟೆಗೆ ಹೋದರೆ ಎದೆಯ ಬಡಿತ ದಾರಿ ತಪ್ಪುತ್ತದೆ, ಒಂದೇ ಎಲೆಯಾದರೂ ಅಷ್ಟೆ. ಹೂ ಬಿಟ್ಟ ಮೇಲೆ ಕುರುಡನಿಗೂ ಗೊತ್ತಾಗುತ್ತದೆ, ಒಂದರದು ಹಳದಿ ಕೋಲು, ಇನ್ನೊಂದರದು ನೇರಳೆ ಗಂಟೆಗಳ ಸಾಲು. ಆದರೆ ಕೆಮ್ಮು ಬರುವುದು ಚಳಿಯಲ್ಲಿ, ಹೂ ಬರುವುದು ಬಿಸಿಲಲ್ಲಿ. ನಡುವಿನ ತಿಂಗಳುಗಳಲ್ಲಿ ಎರಡನ್ನೂ ಬೇರೆ ಮಾಡಲು ಅತ್ತೆಗೆ ಇದ್ದ ದಾರಿ ಒಂದೇ: ಎಲೆಯನ್ನು ಹೊಸಕಿ ಮೂಸುವುದು. ಕೆಮ್ಮಿನೆಲೆಗೆ ಆಗತಾನೆ ನೀರು ಚಿಮುಕಿಸಿದ ಮಣ್ಣಿನ ವಾಸನೆ, ಸವತಿಗೆ ಇಲಿ ಗೂಡಿನ ನಾತ.

ಹೊಸದರಲ್ಲಿ ಸೊಸೆಯರಿಬ್ಬರೂ ಕಲಿಯುತ್ತೇವೆಂದು ಮುಂದೆ ಬಂದಿದ್ದರು. ಅತ್ತೆ ದೊಡ್ಡವಳನ್ನು ಮಾತ್ರ ದಿಬ್ಬಕ್ಕೆ ಕರೆದುಕೊಂಡು ಹೋದರು. ಒಂದು ಮನೆಗೆ ಒಂದು ಮೂಗು ಸಾಕು ಎಂದರು. ಚಿಕ್ಕವಳು ಅವತ್ತು ನಕ್ಕಿದ್ದಳು. ಅತ್ತೆ ಹೋಗಿ ಎಷ್ಟೋ ವರ್ಷಗಳಾದ ಮೇಲೂ ಆಗಾಗ, "ನಂದು ಬರೀ ಕನ್ನಡಕ ನಿಲ್ಲಿಸೋಕೆ ಇರೋ ಮೂಗು" ಎಂದು ಗಿರಾಕಿಗಳ ಮುಂದೆ ತಮಾಷೆ ಮಾಡುತ್ತಿದ್ದಳು. ತಮಾಷೆಯ ತಳದಲ್ಲಿ ಒಂದು ಕಲ್ಲು ಕೂತಿರುವುದು ಮೂಗಿನಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ಒಮ್ಮೆಯೂ, ಬಾರೇ, ನಾನು ಕಲಿಸ್ತೀನಿ ಎನ್ನಲಿಲ್ಲ. ಹುಟ್ಟಿದ ಮನೆಯಿಂದ ಅವಳು ತಂದದ್ದು ಹೆಚ್ಚೇನೂ ಇರಲಿಲ್ಲ, ಓದೂ ಇರಲಿಲ್ಲ. ಚಿಕ್ಕವಳಂತೆ ಗಿರಾಕಿಗಳ ಜೊತೆ ಮಾತಾಡಲೂ ಬರುತ್ತಿರಲಿಲ್ಲ. ಇದೊಂದು ಮಾತ್ರ ಅವಳದು.

ಕಳೆದ ಚಳಿಗಾಲದ ಕೊನೆಯಲ್ಲಿ ಅವಳಿಗೆ ಜ್ವರ ಬಂತು. ಜ್ವರವೇನೋ ಬಿಟ್ಟಿತು. ಎದ್ದು ಅಂಗಡಿಗೆ ಇಳಿದ ಬೆಳಿಗ್ಗೆ ಸೋಪಿನ ಪುಡಿಯ ಡಬ್ಬ ತೆರೆದಳು, ಏನೂ ಇಲ್ಲ. ಡಬ್ಬದೊಳಗೆ ತಲೆ ತೂರಿಸಿದಳು. ಸೀನು ಬಂತೇ ಹೊರತು ವಾಸನೆ ಬರಲಿಲ್ಲ. ಗಂಡನ ಬೆವರಿನ ಬನಿಯನ್ನನ್ನು, ಬಚ್ಚಲಿನ ಫಿನಾಯಿಲನ್ನು, ತನ್ನದೇ ಕೂದಲ ಎಣ್ಣೆಯನ್ನು ಒಂದೊಂದಾಗಿ ಮೂಸಿದಳು. ಊರಿಗೆ ಊರೇ ಬೀಗ ಹಾಕಿಕೊಂಡು ಎಲ್ಲೋ ಹೋದಂತಿತ್ತು.

ಯಾರಿಗೂ ಹೇಳಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದುಕೊಂಡಳು. ಬರದೆ ಹೋದಂತೆ ಹೇಳುವುದು ಇನ್ನೂ ಕಷ್ಟವಾಯಿತು. ಬಾಯಿ ಮುಚ್ಚಿಕೊಂಡು, ಕಣ್ಣು ತೆರೆದುಕೊಂಡು ಬದುಕುವುದನ್ನು ಕಲಿತಳು. ಒಲೆಯ ಮೇಲೆ ಹಾಲಿಟ್ಟರೆ ಅಲ್ಲಾಡದೆ ನಿಲ್ಲುತ್ತಿದ್ದಳು. ಗಿರಾಕಿ ಅಂಗಿ ಚಾಚಿ, "ಎಲ್ಲಿ ಹೇಳಿ ನೋಡೋಣ" ಎಂದರೆ ಕೊರಳ ಪಟ್ಟಿಯ ಸವೆತವನ್ನೋ ಗುಂಡಿಯ ದಾರವನ್ನೋ ನೋಡಿ ಅಂದಾಜಿನಲ್ಲಿ ಹೇಳುತ್ತಿದ್ದಳು. ಹೆಚ್ಚಿನವು ಸರಿಯಾಗುತ್ತಿದ್ದವು. ಅಷ್ಟು ಕಾಲ ಒಗೆದ ಬಟ್ಟೆಗಳಲ್ಲವೇ.

ಹೊಸ ಚಳಿ ಶುರುವಾಗುತ್ತಲೇ ಚಿಕ್ಕವಳಿಗೆ ಕೆಮ್ಮು ಶುರುವಾಯಿತು. ಅದು ಪ್ರತಿವರ್ಷದ ಕಥೆ. ಅವಳ ಎದೆ ಮೊದಲಿನಿಂದಲೂ ಸೂಕ್ಷ್ಮ. ಈಚೆಗೆ ಬಡಿತ ಹೆಚ್ಚುಕಡಿಮೆಯಾಗುತ್ತದೆಂದು ಕ್ಲಿನಿಕ್ಕಿನ ಡಾಕ್ಟರಮ್ಮ ದಿನಕ್ಕೊಂದು ಮಾತ್ರೆ ಬರೆದಿದ್ದರು. ಪ್ರತಿವರ್ಷದಂತೆ ಈ ವರ್ಷವೂ ಮೂಗಿನಕ್ಕ ಬುಟ್ಟಿ ಹಿಡಿದು ದಿಬ್ಬ ಹತ್ತಿದಳು. ಎಲೆ ಹೊಸಕಿ ಮೂಸಿದಳು, ಅಭ್ಯಾಸಬಲ. ಬೆರಳು ಹಸಿರಾಯಿತು, ಅಷ್ಟೆ. ಸ್ವಲ್ಪ ಹೊತ್ತು ಹಾಗೇ ಕುಕ್ಕರಗಾಲಲ್ಲಿ ಕೂತಳು. ಇಷ್ಟು ವರ್ಷ ಕಿತ್ತ ಕೈ ಇದು, ಕೈಗೇ ಗೊತ್ತಿರುತ್ತದೆ, ಎಂದು ತನಗೆ ತಾನೇ ಹೇಳಿಕೊಂಡು ಕಿತ್ತಳು.

ಕಷಾಯವನ್ನು ಅತ್ತೆಯ ಕಟ್ಟುನಿಟ್ಟಿನಲ್ಲೇ ಮಾಡಿದಳು. ಎಲೆಯ ರೋಮ ಗಂಟಲಿಗೆ ಚುಚ್ಚಬಾರದೆಂದು ತೆಳುಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿದಳು. ಚಿಕ್ಕವಳ ಕೋಣೆಗೆ ಲೋಟ ಒಯ್ದಿಟ್ಟಳು. ಮಾರನೆಯ ಬೆಳಿಗ್ಗೆ ಅವಳ ಮುಖ ಹುಡುಕಿ ಹುಡುಕಿ ನೋಡಿದಳು. ಚಿಕ್ಕವಳು ಎಂದಿನಂತೆ ಕೂತು ಪಟ್ಟಿ ಕಟ್ಟುತ್ತಿದ್ದಳು, ಎಂದಿನಂತೆ ಗಂಡನನ್ನು ಗದರುತ್ತಿದ್ದಳು. ಏನೂ ಆಗಿರಲಿಲ್ಲ. ಮೂಗಿನಕ್ಕನಿಗೆ ಹೋದ ಜೀವ ಬಂದಂತಾಯಿತು. ಕಣ್ಣು ಸುಳ್ಳು ಹೇಳಲಿಲ್ಲ ಎಂದಾಯಿತಲ್ಲ. ಮತ್ತೆ ಮಾಡಿದಳು, ಮತ್ತೆ ಕೊಟ್ಟಳು. ಪ್ರತಿಸಲವೂ ಚಿಕ್ಕವಳಿಗೆ ಏನೂ ಆಗದಿರುವುದು ಅವಳ ಧೈರ್ಯಕ್ಕೆ ಇನ್ನೊಂದು ಇಟ್ಟಿಗೆಯಾಯಿತು. ಒಂದೇ ಕೊರತೆಯೆಂದರೆ ಕೆಮ್ಮು ಕಡಿಮೆಯಾಗಲಿಲ್ಲ. ಎಲೆಯಲ್ಲಿ ಸತ್ವ ಕಮ್ಮಿಯಿರಬೇಕೆಂದು ದಿಬ್ಬದ ಇನ್ನೊಂದು ಮಗ್ಗುಲಿಗೆ ಹೋಗಿ ದಪ್ಪ ಎಲೆ ಕಿತ್ತು ತಂದು, ಗಟ್ಟಿಯಾಗಿ ಬತ್ತಿಸಿ ಕೊಟ್ಟಳು.

ಹೀಗಿರುವಾಗ ಮೊಮ್ಮಗಳಿಗೆ ಕೆಮ್ಮು ಹತ್ತಿತು.

ಮಗಳು ಗೋದಾಮೊಂದರಲ್ಲಿ ಪಾಳಿ ಕೆಲಸದವಳು. ಬೆಳಗಿನ ಪಾಳಿಯಿದ್ದಾಗ ಮಗುವನ್ನು ಇಲ್ಲಿ ಬಿಟ್ಟು ಹೋಗುವಳು. ಆಗಷ್ಟೇ ಪೂರ್ತಿ ವಾಕ್ಯ ಕಟ್ಟಲು ಕಲಿತ ಮಗು ಅದು. ಅವತ್ತು ಅದನ್ನು ಇಳಿಸುತ್ತಲೇ ಮಗಳು, "ಅಮ್ಮಾ, ಮಲಗೋಕೇ ಬಿಡ್ತಿಲ್ಲ ಕೆಮ್ಮು. ನಿನ್ನ ಕಷಾಯ ಒಂದು ಗುಟುಕು ಹಾಕು, ನಾನು ಚಿಕ್ಕೋಳಿದ್ದಾಗ ಕೊಡ್ತಿದ್ದೆಯಲ್ಲ" ಎಂದು ಹೇಳಿ ಬಸ್ಸಿಗೆ ಓಡಿದಳು.

ಕಷಾಯ ಒಲೆಯ ಮೇಲೆ ಸಿದ್ಧವಾಗಿಯೇ ಇತ್ತು, ಚಿಕ್ಕವಳಿಗೆಂದು ಮಾಡಿದ್ದು. ಚಿಕ್ಕವಳು ಕೆಳಗೆ ಗಿರಾಕಿಗಳ ನಡುವೆ ಇದ್ದಳು. ಅವಳ ಕೋಣೆಗೆ ಬೆಳಗಿನ ಬಿಸಿಲು ಚೆನ್ನಾಗಿ ಬರುತ್ತದೆಂದು ಮಗುವನ್ನು ಅಲ್ಲೇ ಮಲಗಿಸಿದ್ದರು. ಮೂಗಿನಕ್ಕ ಸಣ್ಣ ಬಟ್ಟಲಿಗೆ ಸ್ವಲ್ಪ ಬಗ್ಗಿಸಿ, ಸಕ್ಕರೆ ಕದಡಿ, ಆರಿಸಿ ತಂದಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಮಚ ತುಂಬಿದಳು. ಮಗು ಏನು ಎತ್ತ ಎಂದು ಕೇಳಲಿಲ್ಲ. ಗೂಡಿನ ಮರಿಯಂತೆ ಬಾಯಿ ತೆರೆದು ಕೂತಿತು.

ಚಮಚ ಅರ್ಧ ದಾರಿಯಲ್ಲಿ ನಿಂತಿತು.

ಅವಳು ನಿಲ್ಲಿಸಬೇಕೆಂದು ನಿಲ್ಲಿಸಿದ್ದಲ್ಲ. ಕೈ ಮುಂದಕ್ಕೆ ಹೋಗಲೊಲ್ಲದು. ಚಿಕ್ಕವಳಿಗೆ ಏನೂ ಆಗಿಲ್ಲವಲ್ಲ ಎಂದು ತನಗೆ ತಾನೇ ಹೇಳಿದಳು. ಕೈ ಕೇಳಲಿಲ್ಲ. ಚಮಚವನ್ನು ತನ್ನ ಮೂಗಿನ ಹತ್ತಿರ ತಂದು ಒಳಕ್ಕೆಳೆದಳು. ಬೆಚ್ಚನೆಯ ತೇವ, ಮತ್ತೆ ಬಾಗಿಲು ಹಾಕಿದ ಊರು. ಆಗಲೇ ಅವಳಿಗೆ ಹೊಳೆದದ್ದು: ಈ ಕೈ ಇಷ್ಟು ದಿನ ನಿಲ್ಲಲಿಲ್ಲವಲ್ಲ. ಇದೇ ಪಾತ್ರೆ, ಇದೇ ದಿಬ್ಬ, ಇದೇ ಎಲೆ. ಹೊತ್ತುಕೊಂಡು ಹೋಗಿ ಚಿಕ್ಕವಳ ತಲೆದಿಂಬಿನ ಪಕ್ಕ ಇಡುವಾಗ ಈ ಕೈ ಒಂದು ಸಲವೂ ನಡುಗಲಿಲ್ಲವಲ್ಲ. ಎದೆಯ ಮಾತ್ರೆ ನುಂಗುವವಳ ಪಕ್ಕದಲ್ಲಿ.

ಮಗುವನ್ನು ಕೆಳಗಿಳಿಸಿ, ಬಟ್ಟಲು ಹಿಡಿದು ಎದ್ದಳು. ಅಡಿಗೆಮನೆ ತನಕವೂ ಅದನ್ನು ಹೊತ್ತೊಯ್ಯಲು ಮನಸ್ಸು ಬರಲಿಲ್ಲ. ಚಿಕ್ಕವಳ ಕೋಣೆಯ ಮೂಲೆಯಲ್ಲಿ ಕೈ ತೊಳೆಯಲು ಸಣ್ಣದೊಂದು ಮೋರಿ ಇತ್ತು, ಅದರ ಮುಂದೆ ಕೂತು ಬಟ್ಟಲನ್ನು ಬಗ್ಗಿಸಿದಳು. ಬಗ್ಗಿಸುತ್ತಿದ್ದಂತೆ ಕಣ್ಣಿಗೆ ಬಿತ್ತು. ಬಿಳಿ ಹಾಸುಗಲ್ಲಿನ ಮೇಲೆ, ನೀರು ಒಳಕ್ಕಿಳಿಯುವ ತೂತಿನ ಸುತ್ತ, ಕಂದು ಬಣ್ಣದ ಒಂದು ಬಳೆ. ಕಲೆಗಳೊಂದಿಗೇ ಬಾಳುವೆ ಮಾಡಿದವಳು ಅವಳು. ಚಹಾದ ಕಲೆ ಯಾವುದು, ತುಕ್ಕಿನದು ಯಾವುದು, ಹಳೆಯ ರಕ್ತದ್ದು ಯಾವುದು ಎಂದು ಒಂದು ನೋಟಕ್ಕೆ ಹೇಳಬಲ್ಲಳು. ಇದು ಅವಳು ಕಷಾಯ ಸೋಸುವ ತೆಳುಬಟ್ಟೆಯ ಮೇಲೆ ಪ್ರತಿವರ್ಷ ಉಳಿಯುವ, ಎಷ್ಟು ತಿಕ್ಕಿದರೂ ಹೋಗದ ಕಲೆ. ಒಂದು ದಿನದಲ್ಲಿ ಆದದ್ದಲ್ಲ. ದಿನವೂ ಒಂದೊಂದು ಲೋಟ ಚೆಲ್ಲಿದರೆ ಆಗುವಂಥದ್ದು.

ಅವಳು ಆ ಕಲೆಯನ್ನೇ ನೋಡುತ್ತ ಕೂತಳು. ಹಿಂದಿನಿಂದ ಮಗು, "ಅಜ್ಜಿ, ನಂಗೆ ಕೊಡ್ಲೇ ಇಲ್ಲ" ಎಂದಿತು.

ಆಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ ಒಲೆಯ ಮೇಲಿದ್ದ ಕಷಾಯವನ್ನು ಚೆಲ್ಲಿ, ಬುಟ್ಟಿಯಲ್ಲಿದ್ದ ಎಲೆಯನ್ನು ಗಂಟು ಕಟ್ಟಿ ಕಸದ ಗಾಡಿಗೆ ಹಾಕಿದ್ದು. ಎರಡನೆಯದು, ಮಗುವನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಹೋದದ್ದು. ಡಾಕ್ಟರಮ್ಮ ಎದೆಗೆ ಕೊಳವೆ ಹಚ್ಚಿ ನೋಡಿ, ಶೀತ ಅಷ್ಟೇ, ಬಿಸಿನೀರು ಕುಡಿಸಿ, ಉಸಿರು ಜೋರಾದರೆ ಮಾತ್ರ ಓಡಿ ಬನ್ನಿ ಎಂದರು. ಮನೆಮದ್ದು ಏನಾದರೂ ಕೊಟ್ಟಿರಾ ಎಂದು ಕೇಳಿದರು. ಇಲ್ಲ ಎಂದಳು. ಬಾಗಿಲ ತನಕ ಹೋದವಳು ತಿರುಗಿ ಬಂದು ಕೂತು, ವಾಸನೆಯ ವಿಷಯ ಹೇಳಿದಳು. ಅಷ್ಟು ತಿಂಗಳಲ್ಲಿ ಮೊದಲ ಸಲ ಒಬ್ಬರ ಮುಂದೆ ಬಾಯಿ ಬಿಟ್ಟಿದ್ದಳು. ಕೆಲವರಿಗೆ ನಿಧಾನವಾಗಿ ಮರಳುತ್ತದೆ, ಕೆಲವರಿಗೆ ಮರಳುವುದಿಲ್ಲ, ನಿಮಗೆ ಬರುತ್ತದೆಂದು ನಾನು ಸುಳ್ಳು ಹೇಳುವುದಿಲ್ಲ ಎಂದರು ಡಾಕ್ಟರಮ್ಮ. ಆ ಮಾತಿಗೆ ಅಳು ಬರಬೇಕಿತ್ತು, ಅವಳಿಗೆ ಹಗುರವೆನಿಸಿತು.

ಮಧ್ಯಾಹ್ನ ಅಂಗಡಿಯ ಹಿಂದಿನ ಅಂಗಳದಲ್ಲಿ ಓರಗಿತ್ತಿಯರಿಬ್ಬರೂ ಒಣಗಿದ ಹಾಸಿಗೆ ಬಟ್ಟೆಗಳನ್ನು ಮಡಿಸಲು ನಿಂತರು. ವಸತಿಗೃಹವೊಂದರ ದೊಡ್ಡ ಬಟ್ಟೆಗಳು, ಒಬ್ಬರಿಂದ ಆಗುವ ಕೆಲಸವಲ್ಲ. ಆ ತುದಿಯಲ್ಲಿ ಒಬ್ಬಳು, ಈ ತುದಿಯಲ್ಲಿ ಒಬ್ಬಳು, ಎಳೆದು ಕೊಡವಿ, ನಡೆದು ಬಂದು ಮೂಲೆಗೆ ಮೂಲೆ ಸೇರಿಸಿ, ಮತ್ತೆ ಹಿಂದೆ ಸರಿಯಬೇಕು. ಚಿಕ್ಕವಳು ನಡುನಡುವೆ ಕೆಮ್ಮುತ್ತಿದ್ದಳು.

ಬಟ್ಟೆ ಹಿಡಿದು ಹತ್ತಿರ ಬಂದಾಗ ಮೂಗಿನಕ್ಕ ಹೇಳಿದಳು, "ನಿನ್ನ ಕೋಣೆ ಮೋರಿಯಲ್ಲಿ ಕಲೆ ಆಗಿದೆ."

ಚಿಕ್ಕವಳು ಅವಳ ಕೈಯಿಂದ ಮೂಲೆಗಳನ್ನು ತೆಗೆದುಕೊಂಡಳು. ಮುಖ ನೋಡಲಿಲ್ಲ.

"ತಿಕ್ಕಿದೆ. ಹೋಗಲಿಲ್ಲ," ಎಂದಳು. ಅಂಚು ಸರಿಮಾಡುತ್ತ, "ನಿನ್ನ ಕಷಾಯ ಕುಡಿದು ಕುಡಿದು ಆ ಮೋರಿಗೆ ಇನ್ನು ಜನ್ಮದಲ್ಲಿ ಕೆಮ್ಮು ಬರಲ್ಲ ಬಿಡು ಅಕ್ಕ" ಎಂದಳು.

ಮೂಗಿನಕ್ಕನಿಗೆ ನಗು ಬರಲಿಲ್ಲ. ಯಾವಾಗಿಂದ ಗೊತ್ತು ಎಂದು ಕೇಳಿದಳು.

"ಬೇಸಿಗೆಯಿಂದ. ನೀನು ಮೊದಲು ಮೂಸಿ ಆಮೇಲೆ ಗುರುತು ನೋಡ್ತಿದ್ದೆ. ಈಗ ಗುರುತು ನೋಡಿ ಆಮೇಲೆ ಮೂಸ್ತೀಯ. ಒಗೆಯೋ ಮಿಷನ್ ಹಿಂದೆ ಇಲಿ ಸತ್ತಿತ್ತಲ್ಲ, ನಾವೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡ್ತಿದ್ವಿ. ನೀನು ಅದರ ಪಕ್ಕದಲ್ಲೇ ಕೂತು ನೆಮ್ಮದಿಯಾಗಿ ಊಟ ಮಾಡಿದೆ."

"ಮತ್ತೆ ಬಾಯಿ ಬಿಡಲಿಲ್ಲ ಯಾಕೆ?"

"ನೀನೇ ಮುಚ್ಚಿಟ್ಟುಕೊಂಡು ಓಡಾಡ್ತಿರೋವಾಗ ನಾನು ಹೇಗೆ ಎತ್ತಿ ತೋರಿಸಲಿ? ಒಂದು ಲೋಟ ಚೆಲ್ಲೋದು ಏನು ಮಹಾ ಅಂದ್ಕೊಂಡೆ. ಕುಡಿಯೋಳು ನಾನೊಬ್ಬಳೇ ತಾನೆ."

ಇಬ್ಬರೂ ಹಿಂದೆ ಸರಿದು ಇನ್ನೊಂದು ಬಟ್ಟೆಯನ್ನು ಕೊಡವಿದರು. ಅದು ಗಾಳಿ ತುಂಬಿಕೊಂಡು ಅವರಿಬ್ಬರ ನಡುವೆ ಉಬ್ಬಿ ಕೆಳಗಿಳಿಯಿತು. ಇಲ್ಲಿಗೇ ಬಿಟ್ಟುಬಿಡಬಹುದು ಎನಿಸಿತು ಮೂಗಿನಕ್ಕನಿಗೆ. ಚಿಕ್ಕವಳು ನಗೆಯಲ್ಲೇ ತೇಲಿಸಿ ಕೊಟ್ಟಿದ್ದಾಳೆ, ತಾನೂ ನಕ್ಕರೆ ಮುಗಿಯಿತು. ಆದರೆ ಬೆಳಗಿನ ಚಮಚ ಇನ್ನೂ ಅವಳ ಕಣ್ಣ ಮುಂದೆಯೇ ನಿಂತಿತ್ತು.

"ಇವತ್ತು ಮಗೂಗೆ ಕೊಡೋಕೆ ಹೋದೆ," ಎಂದಳು. "ಕೈ ಬರಲಿಲ್ಲ. ನಿನಗೆ ಕೊಡೋವಾಗ ಬಂತು. ಅದನ್ನ ಹೇಳಬೇಕಿತ್ತು."

ಚಿಕ್ಕವಳು ತನ್ನ ತುದಿಯನ್ನು ಹಿಡಿದುಕೊಂಡೇ ನಿಂತಳು. ಅವಳ ಮುಖದಲ್ಲಿ ಎರಡು ಮಾತು ಒಂದರ ಹಿಂದೊಂದು ಬಂದು ಹೋದವು. ಮೊದಲನೆಯದು ಮಗುವಿನದು.

"ಮಗೂಗಾ? ಕೊಟ್ಟೆಯಾ?"

"ಇಲ್ಲ."

"ನನಗೇನೂ ಆಗಲಿಲ್ಲ ಅಂತ ಧೈರ್ಯ ಮಾಡಿದೆಯಾ?" ಚಿಕ್ಕವಳ ಕೈಯಿಂದ ಬಟ್ಟೆ ಜಾರಿ ಒಂದು ಮೂಲೆ ನೆಲ ಮುಟ್ಟಿತು. "ಅಯ್ಯೋ ಅಕ್ಕ, ನಾನು ಚೆಲ್ಲಿದ್ದಕ್ಕೆ ತಾನೆ ಏನೂ ಆಗಲಿಲ್ಲ. ನಾನು ಚೆಲ್ಲಿದ್ದೇ ನಿನಗೆ ಸಾಕ್ಷಿ ಆಯ್ತಲ್ಲ."

ಒಬ್ಬಳು ನಾಚಿಕೆಯಿಂದ ಮುಚ್ಚಿಟ್ಟಳು, ಇನ್ನೊಬ್ಬಳು ಕರುಣೆಯಿಂದ ಮುಚ್ಚಿಟ್ಟಳು. ಎರಡು ಮುಚ್ಚುಮರೆ ಸೇರಿ ಆ ಚಮಚವನ್ನು ಒಂದು ಮಗುವಿನ ಬಾಯಿಯ ತನಕ ತಂದಿದ್ದವು.

ಎರಡನೆಯ ಮಾತನ್ನು ಚಿಕ್ಕವಳು ಅವತ್ತು ಆಡಲಿಲ್ಲ. ನೆಲ ಮುಟ್ಟಿದ ಬಟ್ಟೆಯನ್ನು ಮತ್ತೆ ಒಗೆಯಲು ಹಾಕಿ, ಗಿರಾಕಿ ಬಂದರೆಂದು ಒಳಗೆ ಹೋದಳು. ಮಾರನೆಯ ದಿನವೂ ಅಷ್ಟಕ್ಕಷ್ಟೇ. ಕೇಳಿದ್ದಕ್ಕೆ ಉತ್ತರ, ಬಡಿಸಿದ್ದಕ್ಕೆ ಊಟ. ತಮಾಷೆ ನಿಂತುಹೋಗಿತ್ತು. ಗಂಡಸರಿಗೆ ಇದೊಂದೂ ತಿಳಿಯಲಿಲ್ಲ, ಮನೆ ಯಾಕೋ ಶಾಂತವಾಗಿದೆ ಎಂದು ಮೈದುನ ಸಂತೋಷಪಟ್ಟ. ಮೂಗಿನಕ್ಕ ಮಾತ್ರ ಆ ಮೌನದ ತೂಕವನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿ ಇಳಿದಳು. ಹೇಳದೆ ಇದ್ದಿದ್ದರೆ ಚಿಕ್ಕವಳು ನಗುನಗುತ್ತ ಇರುತ್ತಿದ್ದಳು, ನಿಜ. ಆದರೆ ಆ ನಗುವಿನ ಪಕ್ಕ ತಾನು ಮುಖ ಎತ್ತಿ ಕೂರಲಾಗುತ್ತಿರಲಿಲ್ಲ ಎಂಬುದೂ ನಿಜ.

ಚಿಕ್ಕವಳು ಕೆಮ್ಮಿಗೆ ಕ್ಲಿನಿಕ್ಕಿಗೆ ಹೋಗಿ ಔಷಧಿ ತಂದುಕೊಂಡಳು. ಬರುವಾಗ ಡಾಕ್ಟರಮ್ಮನನ್ನು ಕೇಳಿಕೊಂಡೂ ಬಂದಿದ್ದಳು. ಎದೆಯ ಮಾತ್ರೆ ನುಂಗುವಷ್ಟು ಕಾಲ ಒಳ್ಳೆಯ ಎಲೆಯೇ ಆದರೂ ತಮ್ಮನ್ನು ಕೇಳದೆ ಬಾಯಿಗೆ ಹಾಕಬಾರದು, ಆ ಇನ್ನೊಂದರ ಹತ್ತಿರವಂತೂ ಸುಳಿಯಬಾರದು ಎಂದಿದ್ದರಂತೆ. ಇದನ್ನು ಅವಳು ಅಡಿಗೆಮನೆಯ ಗೋಡೆಗೆ ಹೇಳಿದಂತೆ ಹೇಳಿದಳು. ಹೇಳಿ, ಅಲ್ಲೇ ನಿಂತಳು.

"ನಾನೇ ಆಗಿದ್ರೂ ಅಷ್ಟೇ ಇತ್ತೇನೋ," ಎಂದಳು. "ಮಗು ಅಂದ್ರೆ ಕೈ ನಡುಗುತ್ತೆ. ಓರಗಿತ್ತಿ ಅಂದ್ರೆ... ಅಭ್ಯಾಸ ಆಗಿಬಿಟ್ಟಿರ್ತಾಳೆ. ಗೋಡೆ ಇದ್ದ ಹಾಗೆ. ಆದರೂ ನೋವಾಯ್ತು ಅಕ್ಕ. ಇಲ್ಲ ಅನ್ನಲ್ಲ."

ಮೂಗಿನಕ್ಕ ಅವಳ ಕೈ ಹಿಡಿದುಕೊಂಡಳು. ಕೊನೆಗೆ ಅವಳು ಕೇಳಿದ್ದು ಇಷ್ಟೇ: ನನ್ನ ಜೊತೆ ದಿಬ್ಬಕ್ಕೆ ಬರ್ತೀಯಾ?

ಭಾನುವಾರ ಇಬ್ಬರೂ ಹಳಿ ದಾಟಿದರು. ಚಿಕ್ಕವಳ ಮಡಿಲಲ್ಲಿ ಅಂಗಡಿಯ ಬಟ್ಟೆಪಟ್ಟಿಗಳ ಒಂದು ಕಟ್ಟಿತ್ತು. ಅದು ಅವಳದೇ ಯೋಚನೆ. ಗುರುತು ಗೊತ್ತಿಲ್ಲದ ಬಟ್ಟೆಗೆ ಮೊದಲು ಪಟ್ಟಿ ಕಟ್ಟು, ಯಜಮಾನ ಯಾರೆಂದು ಆಮೇಲೆ ತಿಳಿಯುತ್ತದೆ, ಅಂಗಡಿಯ ನಿಯಮ ಇದೇ ತಾನೆ ಎಂದಳು. ಎಲೆ ಕಿತ್ತ ಗುರುತಿದ್ದ ಗಿಡಗಳನ್ನು ಮೂಗಿನಕ್ಕ ತೋರಿಸಿದಳು, ಚಿಕ್ಕವಳು ಒಂದೊಂದಕ್ಕೂ ಪಟ್ಟಿ ಕಟ್ಟಿದಳು. ಕಟ್ಟುವಾಗ ಎಲೆ ಹೊಸಕಿ ಮೂಸಿಯೂ ನೋಡಿದಳು. ಇಲಿ ಗೂಡಿನ ಹಾಗಾ ಎಂದು ಮೂಗಿನಕ್ಕ ಕೇಳಿದರೆ, ನಾನೇನು ಇಲಿಗಳ ಮನೆಗೆ ನೆಂಟರಾಗಿ ಹೋಗಿದ್ದೆನಾ ಎಂದಳು. ಎಷ್ಟೋ ದಿನಗಳ ಮೇಲೆ ಬಂದ ಆ ಒಂದು ಕೊಂಕು ಮಾತಿಗೆ ಮೂಗಿನಕ್ಕನ ಕಣ್ಣು ತುಂಬಿತು. ಯಾವುದು ಮಣ್ಣಿನ ವಾಸನೆ, ಯಾವುದು ನಾತ, ಚಿಕ್ಕವಳಿಗೆ ಖಚಿತವಾಗಲಿಲ್ಲ. ಖಚಿತವಾಗದ ಮೇಲೆ ಒಂದೆಲೆಯನ್ನೂ ಕೀಳುವುದು ಬೇಡವೆಂದು ಇಬ್ಬರೂ ಬರಿಗೈಯಲ್ಲಿ ಮರಳಿದರು. ಆ ಚಳಿಗಾಲ ಮನೆಯಲ್ಲಿ ಕಷಾಯ ಕುದಿಯಲಿಲ್ಲ. ಕೇಳಿದವರಿಗೆ ಮೂಗಿನಕ್ಕ ತಾನೇ ಕಾರಣ ಹೇಳಿದಳು. ಮಗಳು ಅರೆಗಳಿಗೆ ಬಿಳಿಚಿಕೊಂಡು, ಆಮೇಲೆ ಅಮ್ಮನ ಹೆಗಲಿಗೆ ತಲೆಯಿಟ್ಟಳು. ಗಿರಾಕಿಗಳು ಅಯ್ಯೋ ಪಾಪ ಎಂದರು, ಹೆಸರನ್ನು ಮಾತ್ರ ಬದಲಿಸಲಿಲ್ಲ.

ಬಿಸಿಲು ಬಲಿತ ಮೇಲೆ ಒಂದು ಮಧ್ಯಾಹ್ನ ಚಿಕ್ಕವಳು ಅವಳನ್ನು ಕೈಹಿಡಿದು ಎಬ್ಬಿಸಿಕೊಂಡು ಹೋದಳು. ದಿಬ್ಬದ ತುಂಬ ಹಳದಿ ಕೋಲುಗಳು ಎದ್ದು ನಿಂತಿದ್ದವು. ಬಿಸಿಲಿಗೆ ಬೆಳ್ಳಗಾದ ಪಟ್ಟಿಗಳು ಬುಡದಲ್ಲಿ ಅಲುಗಾಡುತ್ತಿದ್ದವು. ಮೂಗಿನಕ್ಕ ಒಂದೊಂದನ್ನೇ ನೋಡುತ್ತ ನಡೆದಳು. ಹಳದಿ, ಇದೂ ಹಳದಿ, ಇದೂ. ಎದೆ ಸ್ವಲ್ಪ ಹಗುರಾಯಿತು. ದಿಬ್ಬದ ಇನ್ನೊಂದು ಮಗ್ಗುಲಿಗೆ ತಿರುಗಿದಳು. ದಪ್ಪ ಎಲೆಗಳಿದ್ದ ಜಾಗ ಅದು, ಸತ್ವ ಹೆಚ್ಚಿರಲೆಂದು ಹುಡುಕಿ ಹುಡುಕಿ ಕಿತ್ತ ಜಾಗ. ಅಲ್ಲಿ ಪಟ್ಟಿ ಕಟ್ಟಿಸಿಕೊಂಡ ಗಿಡ, ಅವಳ ಸೊಂಟದೆತ್ತರಕ್ಕೆ ಬೆಳೆದು, ನೇರಳೆ ಗಂಟೆಗಳನ್ನು ಸಾಲಾಗಿ ತೂಗಿಕೊಂಡು ನಿಂತಿತ್ತು.

ಮೂಗಿನಕ್ಕ ಅಲ್ಲೇ ನೆಲದ ಮೇಲೆ ಕೂತಳು.

ಚಿಕ್ಕವಳು ಬಹಳ ಹೊತ್ತು ಆ ಹೂಗಳನ್ನು ನೋಡಿದಳು. ತಾನು ಚೆಲ್ಲಿದ್ದು ಏನೆಂದು ಅವಳಿಗೂ ಈಗಷ್ಟೇ ಕಣ್ಣಾರೆ ಕಂಡದ್ದು. ಕೈ ತನಗೆ ತಾನೇ ಹೋಗಿ ಎದೆಯ ಮೇಲೆ ಕೂತಿತು.

"ನೋಡೋಕೆ ಚೆನ್ನಾಗಿದ್ದಾಳೆ, ಅಲ್ವಾ, ಸವತಿ," ಎಂದಳು ಮೆಲ್ಲಗೆ.

ಆಮೇಲೆ ಬಗ್ಗಿ, ಅಕ್ಕನ ಮುಖ ನೋಡದೆ, ಒಂದು ಎಲೆ ಕಿತ್ತು ಹೊಸಕಿ ಮೂಸಿದಳು. ಮೂಗು ಸಿಂಡರಿಸಿತು. ಎದ್ದು ಹೋಗಿ ಹಳದಿ ಹೂವಿನ ಗಿಡದ್ದೊಂದು ಹೊಸಕಿ ಮೂಸಿದಳು. ಮತ್ತೆ ಇದು, ಮತ್ತೆ ಅದು. ಹೂವೇ ಮುಂದೆ ನಿಂತು ಉತ್ತರ ಹೇಳುತ್ತಿರುವಾಗ ಪಾಠ ಸುಲಭವಾಗಿತ್ತು. ಮೂಗಿನಕ್ಕ ಕೂತಲ್ಲಿಂದಲೇ ಅತ್ತೆ ಹೇಳಿದ್ದನ್ನೆಲ್ಲ ಹೇಳತೊಡಗಿದಳು: ಒಂದೊಂದಾಗಿ ಮೂಸಬೇಕು, ಶೀತವಾಗಿದ್ದ ದಿನ ದಿಬ್ಬಕ್ಕೆ ಬರಬಾರದು, ಮಾತು ಬಾರದ ಕೂಸುಗಳಿಗೆ ಕೊಡಬಾರದು, ವಾರ ದಾಟಿ ಯಾರಿಗೂ ಕೊಡಬಾರದು. ಕೊನೆಯಲ್ಲಿ ಅತ್ತೆ ಹೇಳದೇ ಇದ್ದ ಒಂದನ್ನು ಸೇರಿಸಿದಳು.

"ಗೊತ್ತಾಗದೆ ಹೋದ ದಿನ, ಗೊತ್ತಾಗಲಿಲ್ಲ ಅಂತ ಹೇಳಿಬಿಡು."

"ಯಾರಿಗೆ ಹೇಳಲಿ?"

"ನನಗೆ ಹೇಳು."

ಚಿಕ್ಕವಳು ತಲೆಯಾಡಿಸಿ, ಹಸಿರು ಹತ್ತಿದ ಬೆರಳುಗಳನ್ನು ಹುಲ್ಲಿಗೆ ಒರೆಸಿಕೊಂಡಳು. ಆಮೇಲೆ ಕೈ ಚಾಚಿ ಅಕ್ಕನನ್ನು ಮೇಲಕ್ಕೆಬ್ಬಿಸಿದಳು. ಪಟ್ಟಿಗಳನ್ನು ಬಿಚ್ಚಿಕೊಂಡು ಹೋಗೋಣವೇ ಎಂದು ಮೂಗಿನಕ್ಕ ಕೇಳಿದಳು. ಹಳದಿಯವನ್ನು ಬಿಚ್ಚಿದರು. ನೇರಳೆಯದರ ಪಟ್ಟಿಗೆ ಚಿಕ್ಕವಳು ಇನ್ನೊಂದು ಗಂಟು ಬಿಗಿದಳು.